ನೀರಿನಿಂದ ಎದ್ದ ಗಡಿಗೆ

ಮುನಿಯಪ್ಪನ ಕಣ್ಣು ತೆಗೆದವನು ನಾನು. ಶಾಮರಾಯರಲ್ಲ. ಇಷ್ಟು ವರ್ಷ ಅವರು ತಾವೇ ಎಂದು ನಂಬಿಕೊಂಡು ಬದುಕಿದರು, ನಾನು ಪಕ್ಕದಲ್ಲಿ ನಿಂತು ನಂಬಲು ಬಿಟ್ಟೆ. ಬಿಟ್ಟೆ ಎಂದರೆ ಸಾಲದು — ನಂಬಿಸಿದೆ. ಮೊದಲು ಒಂದು ಮಾತಿನಿಂದ, ಆಮೇಲೆ ನನ್ನ ಕಸುಬಿನ ಮರ್ಯಾದೆಯಿಂದ.

ನಾನು ಚಾಮರಾಜಪೇಟೆಯ ಪುಟ್ಟಾಚಾರಿ. ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಉಳಿ ಹಿಡಿದವನು. ಓದು ಕಡಿಮೆಯಾಯಿತೆಂದು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಬಂದೂಕಿಗೆ ಭುಜಕ್ಕೆ ಒತ್ತಿಕೊಳ್ಳುವ ಮರದ ಹಿಡಿ ಇರುತ್ತದಲ್ಲ — ಅದು ಬಿರುಕು ಬಿಟ್ಟರೆ, ಹುಳ ಹಿಡಿದರೆ, ಊರಿನ ಬಂದೂಕಿನ ಅಂಗಡಿಯವರು ನನ್ನ ಹತ್ತಿರವೇ ಕಳಿಸುತ್ತಿದ್ದರು. ನಾನು ಕಡೆದು ಕೂರಿಸಿದ ಹಿಡಿ ನೋಡಿ ಹಳೆಯದೇ ಇರಬೇಕು ಎಂದು ಮಾಲೀಕನೇ ಮೋಸ ಹೋಗಬೇಕು, ಹಾಗಿತ್ತು ಕೆಲಸ. ಆ ಹೆಮ್ಮೆಯನ್ನು ಇಲ್ಲಿ ಹೇಳುತ್ತಿರುವುದು ಹೊಗಳಿಕೊಳ್ಳಲು ಅಲ್ಲ. ಆದದ್ದೆಲ್ಲ ಅದರಿಂದಲೇ ಆಯಿತು.

ಶಾಮರಾಯರು ಬಸವನಗುಡಿಯವರು, ಬ್ಯಾಂಕಿನಲ್ಲಿದ್ದವರು. ತಂದೆಯಿಂದ ಬಂದ ಜೋಡಿನಳಿಗೆ ಬಂದೂಕಿತ್ತು, ಅದಕ್ಕೆ ಲೈಸೆನ್ಸೂ ಇತ್ತು. ಹಿಡಿ ರಿಪೇರಿಗೆಂದು ಬಂದವರು ಸ್ನೇಹಿತರಾದರು. ಮನೆಯಲ್ಲಿ ಈರುಳ್ಳಿಯನ್ನೂ ಒಳಗೆ ಬಿಡದವರು, ಕೆರೆಯ ಮೇಲೆ ಬಾತುಗಳು ಎದ್ದವೆಂದರೆ ಮೈಮರೆಯುತ್ತಿದ್ದರು.

"ಹೊಡೆಯೋದು ನಾನು, ತಿನ್ನೋದು ನೀನು. ಪಾಪ ಅರ್ಧರ್ಧ ಕಣಯ್ಯ ಪುಟ್ಟಾಚಾರಿ" ಎಂದು ನಗುತ್ತಿದ್ದರು. ಬಂದೂಕನ್ನು ನನ್ನ ಅಂಗಡಿಯಲ್ಲಿ ಬಿಟ್ಟು, ಹಿತ್ತಲಿನ ನಲ್ಲಿಯಲ್ಲಿ ಮೊಣಕೈವರೆಗೂ ತೊಳೆದುಕೊಂಡು, ಏನೂ ಆಗದವರ ಹಾಗೆ ಮನೆಗೆ ಹೋಗುತ್ತಿದ್ದರು. ಕೆರೆಯ ಹಕ್ಕಿ ಹೊಡೆಯುವುದು ಕಾನೂನಿಗೆ ವಿರುದ್ಧ ಎಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೇ ಹೋಗುತ್ತಿದ್ದೆವು.

ಮಾಗಡಿ ಕಡೆಯ ಒಂದು ಕೆರೆ ಅದು. ಹೆಸರು ಬೇಡ, ಈಗ ಅದರ ಅರ್ಧ ಸೈಟುಗಳಾಗಿದೆ. ಚಳಿಗಾಲದಲ್ಲಿ ಆ ನೀರಿನ ಮೇಲೆ ಸಿಳ್ಳೆಬಾತು, ನಾಮದ ಕೋಳಿ ಕಪ್ಪಗೆ ಹಾಸಿದ ಹಾಗೆ ಕೂರುತ್ತಿದ್ದವು. ಅಲ್ಲಿ ಹಕ್ಕಿ ಹಿಡಿಯುವವನು ಮುನಿಯಪ್ಪ. ಅವನ ಹತ್ತಿರ ಬಂದೂಕಿರಲಿಲ್ಲ, ಬಲೆಯೂ ಇರಲಿಲ್ಲ. ಇದ್ದದ್ದು ಮಣ್ಣಿನ ಗಡಿಗೆಗಳು. ಖಾಲಿ ಗಡಿಗೆಗಳನ್ನು ನೀರಿಗೆ ಬಿಡುತ್ತಿದ್ದ. ಅವು ದಿನಗಟ್ಟಲೆ ಹಕ್ಕಿಗಳ ನಡುವೆ ತೇಲಾಡಿಕೊಂಡಿರುತ್ತಿದ್ದವು. ಹಕ್ಕಿಗಳಿಗೆ ಗಡಿಗೆಯೆಂದರೆ ಭಯ ಹೋಗುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಆ ಗಡಿಗೆಗಳಲ್ಲಿ ಒಂದರ ಕೆಳಗೆ ಮುನಿಯಪ್ಪ ಇರುತ್ತಿದ್ದ. ಕುತ್ತಿಗೆವರೆಗೆ ನೀರು, ತಲೆಗೆ ಗಡಿಗೆ, ನೋಡಲು ಗಡಿಗೆಯಲ್ಲಿ ಎರಡು ತೂತು. ಹತ್ತಿರ ಹೋಗಿ ನೀರಿನೊಳಗಿಂದಲೇ ಕಾಲು ಹಿಡಿದು ಎಳೆದುಕೊಳ್ಳುತ್ತಿದ್ದ. ಪಕ್ಕದ ಹಕ್ಕಿಗೆ ಕೂಡ ತಿಳಿಯುತ್ತಿರಲಿಲ್ಲ — ಒಂದು ಇತ್ತು, ಇಲ್ಲವಾಯಿತು, ಅಷ್ಟೆ. ನಾನು ಏರಿಯ ಮೇಲೆ ಕೂತು ಇದನ್ನು ನೋಡಿದ್ದೇನೆ. ಯಾವ ಗಡಿಗೆ ಖಾಲಿ, ಯಾವುದರಲ್ಲಿ ಮನುಷ್ಯ ಎಂದು ನೋಡುತ್ತ ನೋಡುತ್ತ ಮೈ ಜುಮ್ಮೆನ್ನುತ್ತಿತ್ತು.

ನಮ್ಮ ಬಂದೂಕಿನ ಸದ್ದಿಗೆ ಹಕ್ಕಿ ಕೂರುವುದಿಲ್ಲ ಎಂದು ಅವನು ತಕರಾರು ತೆಗೆದ. ಊರಿನವರು ಕೂತು ಒಂದು ಕಟ್ಟಳೆ ಮಾಡಿದರು: ಬೆಳಗಿನ ನೀರು ಮುನಿಯಪ್ಪನದು. ಅವನು ಮೇಲೆ ಬಂದು ಏರಿಯ ಹೊಂಗೆಮರಕ್ಕೆ ಒದ್ದೆ ಪಂಚೆ ಹರವಿದ ಮೇಲೆ ಪೇಟೆಯವರು ಬರಬಹುದು, ಅದುವರೆಗೂ ಬಂದೂಕು ಏರಿ ಹತ್ತಬಾರದು. ಒಪ್ಪಿದೆವು. ಆದರೆ ಅವನು ಪಂಚೆ ಹರವುವ ಹೊತ್ತಿಗೆ ಬಿಸಿಲೇರಿ, ಹಕ್ಕಿಗಳೆಲ್ಲ ನಡುನೀರಿಗೆ ಹೋಗಿರುತ್ತಿದ್ದವು. ಬರಿಗೈಯಲ್ಲಿ ವಾಪಸು ಬರುತ್ತಿದ್ದೆವು. ಒಂದು ದಿನ ಅವನೊಡನೆ ಜಗಳಕ್ಕೆ ನಿಂತೆ.

"ಕೆರೆ ಏನು ನಿಮ್ಮಪ್ಪಂದಾ?" ಎಂದೆ.

ಅವನು ಬೀಡಿ ಹಚ್ಚಿಕೊಂಡು, ಸುತ್ತ ಇದ್ದವರ ಮುಖ ನೋಡಿ, ನಿಧಾನವಾಗಿ ಅಂದ: "ಅಲ್ಲ ಆಚಾರ್ರೇ, ಮಂಚದ್ ಕಾಲು ಕಡೆಯೋ ಕೈಗೆ ಬಂದೂಕ್ ಯಾಕೆ ಬೇಕು? ಇಷ್ಟ್ ದಿನದಿಂದ ಬತ್ತಾ ಇದೀರ, ರಾಯ್ರು ಹೊಡ್ದಿದ್ದನ್ನ ಎತ್ಕಳಾದ್ ಬಿಟ್ರೆ ನಿಮ್ದೇ ಅಂತ ಒಂದ್ ಪುಕ್ಕನಾದ್ರೂ ಉದುರೈತಾ?"

ಎಲ್ಲರೂ ನಕ್ಕರು. ರಾಯರೂ ನಕ್ಕರು. ನನಗೆ ಅದು ಇಳಿಯಲಿಲ್ಲ.

ಮುಂದಿನ ವಾರ ರಾಯರಿಗೆ ಹೇಳಿದೆ — ಮುನಿಯಪ್ಪ ಊರಲ್ಲಿಲ್ಲ, ಮಾವಳ್ಳಿಯಲ್ಲಿರುವ ಅವನ ಅಕ್ಕನ ಮನೆಗೆ ಹೋಗಿದ್ದಾನೆ, ಇವತ್ತು ನೀರಲ್ಲಿ ಯಾರೂ ಇರುವುದಿಲ್ಲ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಬಾಯಿಗೆ ಬಂತು, ಹೇಳಿದೆ. ನನ್ನ ಸ್ವಂತದ್ದು ಎಂಬ ಬಂದೂಕು ನನಗಿರಲಿಲ್ಲ; ಹಿಡಿ ಹಾಕಲು ಬಂದಿದ್ದ ಯಾರದೋ ಒಂಟಿನಳಿಗೆಯನ್ನು ಗೋಣಿಯಲ್ಲಿ ಸುತ್ತಿಕೊಂಡೆ. ತೋಟಾ ಮಾತ್ರ ನನ್ನದೇ. ತೋಟಾದೊಳಗೆ ತುಂಬುವ ಸೀಸದ ಸಣ್ಣ ಗುಂಡುಗಳನ್ನು ನಾವು ಚರೆ ಎನ್ನುತ್ತೇವೆ. ರಾಯರು ಕಂಪನಿಯ ತೋಟಾ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ನಾನು ಸೀಸ ಕರಗಿಸಿ, ತೂತು ಕೊರೆದ ಡಬ್ಬದಿಂದ ನೀರಿಗೆ ತೊಟ್ಟಿಕ್ಕಿಸಿ ನಾನೇ ಚರೆ ಮಾಡಿಕೊಳ್ಳುತ್ತಿದ್ದೆ. ಹಾಗೆ ಮಾಡಿದ್ದು ಪೂರಾ ಗುಂಡಗೆ ಬರುವುದಿಲ್ಲ. ಹನಿ ನೀರಿಗೆ ಬೀಳುವಾಗ ಹಿಂದೆ ಎಳೆದುಕೊಂಡು, ಒಂದೊಂದಕ್ಕೂ ಗೊದಮೊಟ್ಟೆಯ ಹಾಗೆ ಸಣ್ಣ ಬಾಲ ಉಳಿಯುತ್ತದೆ.

ಅವತ್ತು ಮಂಜು ದಟ್ಟವಾಗಿತ್ತು. ಏರಿಯ ಮೇಲಿನ ದಾರಿ ಬಿಟ್ಟು, ಕೋಡಿಯ ಪಕ್ಕದ ಮುಳ್ಳುಬೇಲಿ ಸರಿಸಿ ಒಳಗೆ ನುಗ್ಗಿದೆವು. ಜೊಂಡಿನ ಹಿಂದೆ ಕೂತೆವು. ಹಕ್ಕಿಗಳ ಸದ್ದಿತ್ತು, ಹಕ್ಕಿ ಕಾಣುತ್ತಿರಲಿಲ್ಲ. ಆಮೇಲೆ ಬೆಳಕು ಹರಿದು, ಮಂಜು ನೀರಿನಿಂದ ಮೊಳದುದ್ದ ಮೇಲಕ್ಕೆ ಎದ್ದಿತು. ಅದರ ಕೆಳಗೆ ಸಿಳ್ಳೆಬಾತುಗಳು ಸಾಲಾಗಿ, ಬಲು ಹತ್ತಿರ. ಅಲ್ಲೊಂದು ಇಲ್ಲೊಂದು ಗಡಿಗೆ. ಬಾತುಗಳ ಹಿಂದೆಯೇ ಇನ್ನೊಂದು.

ರಾಯರು ಬಂದೂಕು ಎತ್ತಿದರು. ನಾನೂ ಎತ್ತಿದೆ. ಇಬ್ಬರ ಬೆರಳೂ ಒಂದೇ ಗಳಿಗೆಯಲ್ಲಿ ಒತ್ತಿದವು — ಕೆರೆಯ ಮೇಲೆ ಒಂದೇ ಸದ್ದು ಹೋಯಿತು, ಆಚೆ ದಡ ಮುಟ್ಟಿ ಒಂದೇ ಆಗಿ ತಿರುಗಿ ಬಂತು. ಬಾತುಗಳು ಎದ್ದವು. ರೆಕ್ಕೆಯ ಗಾಳಿಗೆ ಮಂಜು ಹರಿದುಹೋಯಿತು. ನೀರಿನ ಮೇಲೆ ಏನೂ ಇರಲಿಲ್ಲ, ಗಡಿಗೆಗಳ ಹೊರತು.

ಆಮೇಲೆ ಒಂದು ಗಡಿಗೆ ಎದ್ದು ನಿಂತಿತು.

ನಿಧಾನವಾಗಿ ಎದ್ದಿತು. ಕೆಳಗೆ ಭುಜ, ಎದೆ, ಹೊಟ್ಟೆ, ಎಲ್ಲದರಿಂದ ನೀರು ಸುರಿಯುತ್ತಿತ್ತು. ಮುಖ ಇರಬೇಕಾದ ಜಾಗದಲ್ಲಿ ಮಣ್ಣಿನ ಗಡಿಗೆ. ಅದರಲ್ಲಿ ಎರಡು ತೂತು ಮಾತ್ರ ಇರಬೇಕಿತ್ತು, ಈಗ ಬಹಳ ಇದ್ದವು. ಕೂಗಲಿಲ್ಲ, ಕೈ ಆಡಿಸಲಿಲ್ಲ. ನಮ್ಮ ಕಡೆಗೆ ತಿರುಗಿ ನಿಂತುಕೊಂಡಿತು. ಗಡಿಗೆಯ ಒಳಗಿನಿಂದ, ಬಾವಿಯಿಂದ ಬಂದ ಹಾಗೆ ಒಂದು ದನಿ ಬಂತು:

"ಯಾರು?"

ರಾಯರ ಬಂದೂಕು ನೆಲಕ್ಕೆ ಬಿತ್ತು. ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಪುಟ್ಟಾಚಾರಿ, ನೀನೂ ಹೊಡೆದ್ಯೇನೋ? ನಿಜ ಹೇಳು. ನೀನೂ ಹೊಡೆದ್ಯಾ?"

"ಇಲ್ಲ ರಾಯರೇ" ಎಂದೆ.

ಅಷ್ಟರಲ್ಲಿ ಗೋಣಿ ಎಳೆದು ಮುಚ್ಚಿದ್ದ ನನ್ನ ನಳಿಗೆ ಇನ್ನೂ ಬಿಸಿಯಿತ್ತು. ಗೋಣಿಯ ಮೇಲಿಂದಲೂ ಅಂಗೈಗೆ ತಿಳಿಯುತ್ತಿತ್ತು.

ಅವನನ್ನು ಎತ್ತಿ ರಾಯರ ಕಾರಿನಲ್ಲಿ ಹಾಕಿಕೊಂಡು ಪೇಟೆಗೆ ಬಂದೆವು. ದಾರಿಯುದ್ದಕ್ಕೂ ಅವನು ಒಂದೇ ಮಾತಾಡಿದ: "ಪಂಚೆ ಇನ್ನೂ ಮರಕ್ಕೆ ಹಾಕಿರ್ಲಿಲ್ಲ ಸ್ವಾಮಿ." ಬೈದು ಹೇಳಿದ್ದಲ್ಲ. ನಾವು ಮರೆತಿದ್ದೇವೇನೋ, ನೆನಪಿಸುತ್ತಿದ್ದೇನೆ ಎಂಬಂತೆ. ಡಾಕ್ಟರಿಗೆ ಬಂಡೆ ಸಿಡಿಸುವಾಗ ಆದದ್ದು ಎಂದೆವು. ಹಕ್ಕಿ ಹಿಡಿಯುವುದೂ ಅಪರಾಧವೇ ಆದ್ದರಿಂದ ಮುನಿಯಪ್ಪನೂ ಹಾಗೇ ಅಂದ. ಡಾಕ್ಟರು ನಂಬಿದರೋ ಇಲ್ಲವೋ. ಎರಡು ಕಣ್ಣೂ ಹೋದವು. ಕೆನ್ನೆಯ ಆಳದಲ್ಲಿ, ಮೂಳೆಯ ಹತ್ತಿರ ಕೆಲವು ಚರೆ ಉಳಿದಿವೆ, ತೆಗೆಯುವುದು ಅಪಾಯ ಎಂದು ಹಾಗೇ ಬಿಟ್ಟರು.

ರಾಯರು ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಿದರು. ಮುನಿಯಪ್ಪನನ್ನು ಮಾವಳ್ಳಿಯಲ್ಲಿ ಅವನ ಅಕ್ಕ ಲಕ್ಷ್ಮಮ್ಮನ ಮನೆಯ ಮುಂದಿನ ರೂಮಿನಲ್ಲಿ ಇರಿಸಿ, ಬೇಕಾದದ್ದು ನೋಡಿಕೊಂಡರು. ಆಮೇಲೆ ಪ್ರತಿ ಭಾನುವಾರ ಅಲ್ಲಿಗೆ ಹೋಗತೊಡಗಿದರು. ಮೊದಮೊದಲು ಅಪರಾಧಿಯ ಹಾಗೆ ಬಾಗಿಲ ಹತ್ತಿರ ಕೂರುತ್ತಿದ್ದರಂತೆ. ಬರಬರುತ್ತ ಮಂಚದ ಮೇಲೇ ಕೂತು ಪೇಪರ್ ಓದಿ ಹೇಳುವುದಾಯಿತು. ಇಬ್ಬರೂ ರಾಜಕೀಯಕ್ಕೆ ಜಗಳವಾಡುವರು.

"ಸ್ವಾಮಿ, ಫೋಟೋ ಇರೋ ಪುಟ ಬಿಟ್ಬಿಡಿ, ನಂಗ್ ವೇಸ್ಟು" ಎಂದು ಮುನಿಯಪ್ಪ ಅನ್ನುವನು. ರಾಯರು ಮೊದಲ ಸಲ ಅತ್ತರು, ಆಮೇಲಾಮೇಲೆ ನಗುವುದನ್ನು ಕಲಿತರು. ಆದರೆ ಮನೆಯಲ್ಲಿ ಬೆಳಗಿನ ಸಂಧ್ಯಾವಂದನೆ ನಿಲ್ಲಿಸಿದ್ದರು. "ಒಬ್ಬನ ಬೆಳಕು ಆರಿಸಿದೋನು ಸೂರ್ಯಂಗೆ ಯಾವ ಮುಖ ಇಟ್ಕೊಂಡು ಅರ್ಘ್ಯ ಬಿಡ್ಲಯ್ಯ?" ಎಂದು ನನ್ನನ್ನು ಕೇಳಿದರು. ನನ್ನನ್ನು. ನಾನು ಮರಕ್ಕೆ ರಂದ ಹೊಡೆಯುತ್ತಿದ್ದೆ, ಹೊಡೆಯುತ್ತಲೇ ಇದ್ದೆ.

ಅಲ್ಲಿಯವರೆಗೂ ನನ್ನೊಳಗೊಂದು ಆಸೆಯಿತ್ತು — ತಾಗಿದ್ದು ರಾಯರದೇ ಇರಬಹುದು ಎಂದು. ಎರಡು ಬಂದೂಕು, ಒಂದು ಗಡಿಗೆ. ಯಾರದೆಂದು ಯಾರು ಹೇಳಬೇಕು?

ಮೈಯೊಳಗೆ ಉಳಿದ ಚರೆ ಸುಮ್ಮನಿರುವುದಿಲ್ಲ. ವರ್ಷಗಳ ಮೇಲೆ ಚರ್ಮದ ಕಡೆಗೆ ನಡೆದು ಬರುತ್ತದೆ. ಒಂದು ಭಾನುವಾರ ರಾಯರ ಜೊತೆ ನಾನೂ ಮಾವಳ್ಳಿಗೆ ಹೋಗಿದ್ದೆ. ಮುನಿಯಪ್ಪ ಕೆನ್ನೆ ತುರಿಸಿಕೊಳ್ಳುತ್ತಿದ್ದ. ತುರಿಸಿಕೊಂಡ ಜಾಗದಿಂದ ಏನೋ ಉದುರಿತು. ಅದನ್ನು ಬೆರಳಲ್ಲಿ ಹೊರಳಿಸಿ ನೋಡಿ, ನನ್ನ ದನಿ ಇದ್ದ ಕಡೆಗೆ ಕೈ ಚಾಚಿದ.

"ಆಚಾರ್ರೇ, ನೀವ್ ಇದರಲ್ಲಿ ಪಳಗಿದೋರು. ನೋಡಿ. ಇದಕ್ಕೆ ಬಾಲ ಐತೆ."

ಅಂಗೈ ಮೇಲೆ ಇತ್ತು. ನಾನೇ ತೊಟ್ಟಿಕ್ಕಿಸಿದ್ದು. ಇಷ್ಟು ಕಾಲ ಅವನ ಮುಖದಲ್ಲಿ ಈಜಿ, ದಾರಿ ಹುಡುಕಿಕೊಂಡು, ಯಜಮಾನನ ಹತ್ತಿರ ಬಂದಿತ್ತು.

ರಾಯರು ಬಗ್ಗಿ ನೋಡಿದರು. "ಕಂಪನಿ ಚರೆ ಗುಂಡಗಿರತ್ತಲ್ವಾ ಪುಟ್ಟಾಚಾರಿ? ಇದ್ಯಾಕೆ ಹೀಗೆ?"

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಬಂದದ್ದು ಮಾತ್ರ ಇದು: "ಮೂಳೆಗೆ ಬಡಿದ್ರೆ ಸೀಸ ಹೀಗೇ ಎಳ್ಕೊಳ್ಳುತ್ತೆ ರಾಯರೇ. ಕಂಪನಿದೂ ಅಷ್ಟೇ."

ಕಸುಬಿನವನ ಮಾತು. ರಾಯರು ತಲೆಯಾಡಿಸಿ, ಅದನ್ನು ಕಾಗದದ ಚೂರಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ಮೊದಲನೆಯ ಸುಳ್ಳು ಹೆದರಿಕೆಯಲ್ಲಿ ಬಂದದ್ದು. ಇದು ಹಾಗಲ್ಲ — ಇದನ್ನು ನಾನು ನುಣ್ಣಗೆ ಕಡೆದು ಕೊಟ್ಟೆ.

ಆಮೇಲೆ ನನಗೆ ಗಡಿಗೆಗಳು ಕಾಣತೊಡಗಿದವು. ಕನಸಲ್ಲಲ್ಲ. ಚಾಮರಾಜಪೇಟೆಯಲ್ಲಿ ಬೇಸಿಗೆಗೆ ರಸ್ತೆಬದಿ ಮಣ್ಣಿನ ಪಾತ್ರೆ ಸುರಿದುಕೊಂಡು ಮಾರುತ್ತಾರಲ್ಲ, ಬೋರಲು ಹಾಕಿದ ಗಡಿಗೆಗಳ ಆ ಸಾಲಿನ ಮುಂದೆ ಹಾಯುವಾಗ, ಒಂದು ನನ್ನ ಕಡೆ ತಿರುಗಿದೆ ಅನಿಸುತ್ತಿತ್ತು. ಯಾವುದು ಎಂದು ನಿಂತು ನೋಡಿದರೆ ಎಲ್ಲವೂ ಒಂದೇ ಥರ. ನಾಲ್ಕು ಹೆಜ್ಜೆ ಮುಂದೆ ಹೋದರೆ ಮತ್ತೆ ಬೆನ್ನಿಗೆ ಆ ನೋಟ. ಲಾಲ್‌ಬಾಗಿನ ಕೆರೆಯ ಕಡೆಗೆ ಹೋಗುವುದನ್ನೇ ಬಿಟ್ಟೆ. ಬಂದೂಕಿನ ಕೆಲಸವನ್ನೂ ಬಿಟ್ಟೆ. ಮುನಿಯಪ್ಪ ಅಂದ ಹಾಗೆ, ಈಗ ಮಂಚದ ಕಾಲು ಕಡೆಯುತ್ತೇನೆ. ಕುಲುಮೆಯ ಪಕ್ಕದ ತೊಟ್ಟಿಯಲ್ಲಿ ಸೀಸ ತೊಟ್ಟಿಕ್ಕುವ ಸದ್ದು, ತೊಟ್ಟಿ ಒಡೆದು ಎಸೆದ ಮೇಲೂ, ಆಗಾಗ ಕೇಳುತ್ತಿತ್ತು — ಚುಂಯ್, ಚುಂಯ್ — ಹೆಂಡತಿಯನ್ನು ಕೇಳಿದರೆ ಏನೂ ಇಲ್ಲವಲ್ಲ ಎನ್ನುವಳು.

ಚರೆಗಳು ಬರುತ್ತಲೇ ಇದ್ದವು. ಒಂದಾದ ಮೇಲೆ ಒಂದು, ಎಲ್ಲಕ್ಕೂ ಬಾಲ. ಹೋದ ವರ್ಷ ರಾಯರು ಹುಷಾರು ತಪ್ಪಿದಾಗ ನೋಡಲು ಹೋದೆ. ಹಾಸಿಗೆಯ ಪಕ್ಕದಿಂದ ಒಂದು ಬೆಳ್ಳಿಯ ಕುಂಕುಮದ ಭರಣಿ ತೆಗೆದು ಮುಚ್ಚಳ ಬಿಚ್ಚಿದರು. ಚರೆಗಳೆಲ್ಲ ಅದರಲ್ಲಿದ್ದವು.

"ನಮ್ಮನೆಯವಳಿಗೆ ಹೇಳಿಟ್ಟಿದೀನಿ ಕಣಯ್ಯ" ಎಂದರು. "ನಾನು ಹೋದಾಗ ಇದನ್ನ ನನ್ನ ಬಲಗೈಲಿಟ್ಟು ಸುಡಿ ಅಂತ. ನನ್ನದು ನಾನೇ ತಗೊಂಡ್ ಹೋಗ್ಬೇಕಲ್ವಾ."

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅವರ ಚಿತೆಯಲ್ಲಿ, ಅವರ ಅಂಗೈಯಲ್ಲಿ ನನ್ನ ಸೀಸ ಮತ್ತೆ ಕರಗುವುದು ಕಣ್ಣಿಗೆ ಕಟ್ಟಿತು.

ಮರುದಿನವೇ ಮಾವಳ್ಳಿಗೆ ಹೋದೆ. ಮುನಿಯಪ್ಪ ಒಬ್ಬನೇ ಇದ್ದ. ನಿಂತೇ ಹೇಳಿದೆ — ಹೊಡೆದದ್ದು ನಾನೂ, ತಾಗಿದ್ದು ನನ್ನದು, ಬಾಲ ನನ್ನ ಕೈಯ ಗುರುತು.

"ಎಲ್ಡ್ ಸದ್ದಾಯ್ತು ಅಂತ ನಂಗ್ ಅವತ್ತೇ ಗೊತ್ತು" ಎಂದ. "ಗಡಿಗೆ ಒಳಗೆ ಸದ್ದು ಬ್ಯಾರೆ ಥರ ಕೇಳ್ತದೆ ಆಚಾರ್ರೇ. ಒಂದರ ಬೆನ್ನಿಗೆ ಇನ್ನೊಂದು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ರಾಯ್ರು ಬರ್ತಿದ್ರಾ? ನೀವ್ ಬರ್ತಿದ್ರಾ?"

ಬರುತ್ತಿದ್ದೆ ಎಂದು ಬಾಯಿಗೆ ಬಂತು. ಅವನಿಗೆ ಕಣ್ಣಿಲ್ಲದಿದ್ದರೂ ಅವನ ಮುಖ ನೋಡಿಕೊಂಡು ಆ ಮಾತು ಆಡಲು ಆಗಲಿಲ್ಲ.

"ಅವರಿಗೆ ಹೇಳ್ಬ್ಯಾಡಿ" ಎಂದ. ಅಷ್ಟು ವರ್ಷದಲ್ಲಿ ಅವನು ನನ್ನನ್ನು ಕೇಳಿದ್ದು ಅದೊಂದೇ. "ನಂಗ್ ಇರೋದು ಆ ಭಾನ್ವಾರ ಒಂದೇ. ನಿಮ್ ಕಾಲಿಗ್ ಬೀಳ್ತೀನಿ, ಹೇಳ್ಬ್ಯಾಡಿ."

ಹೇಳಿದೆ.

ರಾಯರು ಚೇತರಿಸಿಕೊಂಡು ಬಂದ ಮೊದಲ ಭಾನುವಾರವೇ, ಅವನ ಎದುರಿಗೇ ಹೇಳಿದೆ. ರಾಯರ ಎದೆ ಹಗುರವಾಗಲಿ ಎಂದು ಹೇಳಿದೆನೋ, ನನ್ನದು ಹಗುರವಾಗಲಿ ಎಂದೋ — ನಾನೇ ಹಲವು ಸಲ ಕೇಳಿಕೊಂಡಿದ್ದೇನೆ. ಸಿಕ್ಕ ಉತ್ತರ ಹೇಳಲು ನಾಚಿಕೆಯಾಗುತ್ತದೆ. ರಾಯರು ಓದುತ್ತಿದ್ದ ಪೇಪರನ್ನು ಮಡಿಸಿದರು. ಅಂಚಿಗೆ ಅಂಚು ಕೂಡಿಸಿ, ಮತ್ತೆ ಮಡಿಸಿದರು. ನನ್ನ ಕಡೆ ನೋಡಲಿಲ್ಲ.

"ನಿಂಗೂ ಗೊತ್ತಿತ್ತೇನೋ ಮುನಿಯಪ್ಪ?"

"ಗೊತ್ತಿತ್ತು ಸ್ವಾಮಿ."

ರಾಯರು ಎದ್ದು ಚಪ್ಪಲಿ ಹಾಕಿಕೊಂಡರು. ಅವರ ಹೆಜ್ಜೆಯ ಸದ್ದು ಗಲ್ಲಿಯ ತಿರುವಿನವರೆಗೂ ಕೇಳಿಸಿತು. ಮುನಿಯಪ್ಪ ಅದು ಮುಗಿದ ಮೇಲೂ ಕತ್ತು ಹೊರಳಿಸಿ ಕೇಳುತ್ತಲೇ ಇದ್ದ. ಅವರು ಮತ್ತೆ ಬಂದಿಲ್ಲ. ಈಗ ಬೆಳಿಗ್ಗೆ ತಾರಸಿಯ ಮೇಲೆ ನಿಂತು ಅರ್ಘ್ಯ ಬಿಡುತ್ತಾರೆ. ರಸ್ತೆಯಿಂದ ನೋಡಿದ್ದೇನೆ. ನಾನು ಕಂಡರೆ ಒಳಗೆ ಹೋಗುತ್ತಾರೆ.

ಭಾನುವಾರ ಈಗ ನಾನು ಹೋಗುತ್ತೇನೆ. ಮೊದಲ ಸಲ ಹೋದಾಗ ಪೇಪರ್ ತೆಗೆದುಕೊಂಡು ಹೋಗಿದ್ದೆ. ಅಕ್ಷರ ಕೂಡಿಸಿ ಕೂಡಿಸಿ ಅರ್ಧ ಸಾಲು ಓದುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ.

"ಅದ್ ಬ್ಯಾಡ. ಆ ಬೆಳಿಗ್ಗೆ ಹೆಂಗಿತ್ತು, ಅದ್ ಹೇಳಿ. ನಾನ್ ಕಡೇದಾಗಿ ನೋಡಿದ್ದು ಎಲ್ಡ್ ತೂತಲ್ಲಿ. ನೀವ್ ಪೂರ್ತಿ ನೋಡಿದೀರಿ."

ಹೇಳಿದೆ. ಮಂಜು, ಅದು ಮೇಲೆದ್ದದ್ದು, ಬಾತುಗಳ ಬಣ್ಣ, ಆಚೆ ದಡದ ಬೆಳಕು. ಅವನು ಬಾಯಿ ತುಸು ತೆರೆದುಕೊಂಡು ಕೇಳಿದ, ನೀರು ಕುಡಿಯುವವನ ಹಾಗೆ. ಮುಂದಿನ ಭಾನುವಾರ ಮತ್ತೆ ಅದನ್ನೇ ಹೇಳಿಸಿದ. ಅದರ ಮುಂದಿನ ವಾರವೂ. ನಾನು ಹೇಳುತ್ತ ಹೋದ ಹಾಗೆ ಆ ರೂಮಿನಲ್ಲಿ ಮಂಜು ಇಳಿಯುತ್ತದೆ, ಜೊಂಡಿನ ವಾಸನೆ ಬರುತ್ತದೆ, ನನ್ನ ಎದುರಿಗೆ ಕೂತವನ ಮುಖ ಇದ್ದಕ್ಕಿದ್ದಂತೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಹೋದ ವಾರ, ನಾನು ಮುಗಿಸುವಷ್ಟರಲ್ಲಿ, ಕೇಳಿದ: "ಗಾಳಿ ಯಾವ್ ಕಡೆಯಿಂದ ಇತ್ತು?"

ಯಾರಿಗೂ ಹೇಳದೆ ಉಳಿಸಿಕೊಂಡಿದ್ದು ಅದೊಂದೇ. ಸುಳ್ಳು ಹೇಳಬಹುದಿತ್ತು, ಗಡಿಗೆಯೊಳಗಿದ್ದವನಿಗೆ ಗಾಳಿ ತಿಳಿದಿರಲಾರದು.

"ನಮ್ಮ ಕಡೆಯಿಂದ" ಎಂದೆ. "ದಡದಿಂದ ಕೆರೆಯ ಕಡೆಗೆ. ಬೇರೆ ಗಡಿಗೆಗಳೆಲ್ಲ ನಮ್ಮಿಂದ ದೂರ ಹೋಗುತ್ತಿದ್ದವು."

"ನಂದು?"

"ನಿಂದು ನಮ್ಮ ಕಡೆಗೇ ಬರುತ್ತಿತ್ತು, ಗಾಳಿಗೆ ಎದುರಾಗಿ."

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅವಳು ದಾಟಿ ಹೋಗುವವರೆಗೂ ಅವನು ಕಾದ.

"ನೋಡಿದ್ರಾ ಆಚಾರ್ರೇ? ಹೊಡೆಯೋ ಮುಂಚೆ?"

"ನೋಡಿದೆ."

ಅವನು ಕೈಯಿಂದ ತಡವಿ ಮಂಚದ ಗೋಡೆ ಬದಿಗೆ ಸರಿದು, ಮುಖ ಆ ಕಡೆ ಮಾಡಿ ಮಲಗಿಕೊಂಡ. ಹೋಗಿ ಅನ್ನಲಿಲ್ಲ, ಇರಿ ಅನ್ನಲಿಲ್ಲ. ಲಕ್ಷ್ಮಮ್ಮ ಬಂದು ದೀಪ ಹಾಕುವವರೆಗೂ ನಾನು ಅಲ್ಲೇ ಕೂತಿದ್ದೆ. ನಾಳೆ ಭಾನುವಾರ. ಅವನು ಬಾಗಿಲು ತೆಗೆಸಿದರೂ, ತೆಗೆಸದಿದ್ದರೂ, ಹೋಗುತ್ತೇನೆ.